ಗಣಪತಿ ಕೂತ ಮೂಲೆ

ಮುಂಬಯಿಯ ಭಾಂಡುಪ್‌ನ ಆ ಪುಟ್ಟ ಫ್ಲ್ಯಾಟಿನಲ್ಲಿ ಮಂಟಪ ಇಡಲು ಇದ್ದದ್ದು ಒಂದೇ ಮೂಲೆ. ಕಿಟಕಿಯ ಪಕ್ಕ, ಫ್ಯಾನಿನ ಗಾಳಿ ಬೀಳುವ ಜಾಗ. ಅಲ್ಲಿ ಪುಟ್ಟಲಕ್ಷ್ಮಮ್ಮನವರ ಮಂಚವಿತ್ತು, ಮಂಚದ ಕೆಳಗೆ ಮಸ್ಕಾ ಎಂಬ ನಾಯಿಯ ಗೋಣಿತಾಟು. ಹಬ್ಬದ ಹಿಂದಿನ ದಿನ ಮಗ ವಿಕ್ರಂ ಮಂಚ ಮಡಚಿ ಬಾಲ್ಕನಿಯಲ್ಲಿ ನಿಲ್ಲಿಸಿದ, ತಾಟನ್ನು ಒಗೆಯಲು ಬಕೆಟ್ಟಿಗೆ ಹಾಕಿದ. ಬೆಳಿಗ್ಗೆ ಮೇಜಿನ ಮೇಲೆ ಒಂದೂವರೆ ದಿನಕ್ಕೆ ವಿಸರ್ಜಿಸುವ ಗಣಪತಿ ಕೂತಿತು. ಮೇಜಿನ ಸುತ್ತ ನೆಲದವರೆಗೆ ಕೆಂಪು ಜರಿಬಟ್ಟೆ ಇಳಿಬಿದ್ದಿತ್ತು.

ಮಸ್ಕಾನನ್ನು ಮರಿಯಿದ್ದಾಗ ಸ್ಟೇಷನ್ ಹತ್ತಿರದಿಂದ ಎತ್ತಿಕೊಂಡು ಬಂದವನು ವಿಕ್ರಂ. ಅದರ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಹಬ್ಬಕ್ಕೆ ಬಂದವರಿಗೆಲ್ಲ ಮೊದಲು ಗಣಪತಿಯ ದರ್ಶನ, ನಂತರ ಮೋದಕ, ಆಮೇಲೆ ಮಸ್ಕಾನ ಆಟ.

"ಮಸ್ಕಾ, ಅಂಕಲ್‌ಗೆ ನಮಸ್ತೆ ಮಾಡು!"

ಮಸ್ಕಾ ಮುಂಗಾಲು ಎತ್ತುತ್ತಿತ್ತು. ಬಾಲವೂ ಆಡುತ್ತಿತ್ತು, ಆದರೆ ಕೋಲಿನ ಹಾಗೆ ಬಿಗಿಯಾಗಿ. ತಲೆ ಸವರಲು ಬಂದ ಒಬ್ಬರಿಗೆ ಅದು ಮೆಲ್ಲಗೆ ಗುರ್ ಎಂದಿತು. ವಿಕ್ರಂ ಮೂತಿಗೆ ಒಂದು ಏಟು ಕೊಟ್ಟ. "ಛೀ! ಮನೆಗೆ ಬಂದವರ ಮುಂದೆ ಹೀಗಾ?" ಇನ್ನೊಬ್ಬರಿಗೆ ಗುರ್ ಎಂದಾಗ ಇನ್ನೊಂದು ಏಟು. ಮಧ್ಯಾಹ್ನದ ಹೊತ್ತಿಗೆ ಮಸ್ಕಾ ಗುರುಗುಟ್ಟುವುದನ್ನೇ ಬಿಟ್ಟಿತು.

"ನೋಡಿದ್ಯಾ, ಸರಿ ಹೋದ," ಎಂದು ಹೆಂಡತಿ ಸಾಧನಾಗೆ ಹೇಳಿದ.

ಆಮೇಲೆ ಮೇಲಿನ ಮಹಡಿಯ ರಂಜನಾ ತನ್ನ ಪುಟ್ಟ ಮಗಳು ಧಾತ್ರಿಯನ್ನು ಕರೆದುಕೊಂಡು ಬಂದಳು. ಧಾತ್ರಿ ಮಸ್ಕಾನ ಕುತ್ತಿಗೆ ತಬ್ಬಿಕೊಂಡಳು, ವಿಕ್ರಂ ಫೋಟೋ ತೆಗೆಯಲು ಮೊಬೈಲ್ ಎತ್ತಿದ. ಮಸ್ಕಾ ಸದ್ದೇ ಇಲ್ಲದೆ ಗಬಕ್ಕನೆ ಬಾಯಿ ಹಾಕಿತು. ಫ್ರಾಕಿನ ತೋಳು ಹರಿಯಿತು. ಪುಣ್ಯಕ್ಕೆ ಚರ್ಮಕ್ಕೆ ಹಲ್ಲು ತಾಗಿರಲಿಲ್ಲ.

ರಂಜನಾ ಮಗಳನ್ನು ಎಳೆದುಕೊಂಡಳು. "ಎಂಥ ನಾಯಿ ಮಾರಾಯ್ರೆ ಇದು! ಒಂದು ಗುರ್ ಅಂದಿದ್ರೆ ನಾನು ಮಗುವನ್ನು ಹತ್ತಿರ ಬಿಡ್ತಿರ್ಲಿಲ್ಲ. ಸದ್ದೇ ಮಾಡದ್ದನ್ನು ನಂಬುದು ಹೇಗೆ?"

ಅವರು ಹೋದ ಮೇಲೆ ಸಾಧನಾ ಬಾಗಿಲು ಹಾಕಿದಳು. "ರೀ, ನಾಳೆ ವಿಸರ್ಜನೆ ಮುಗಿಸ್ಕೊಂಡು ಇವನನ್ನ ಶೆಲ್ಟರ್‌ಗೆ ಬಿಟ್ಟು ಬನ್ನಿ. ಮಕ್ಕಳು ಓಡಾಡೋ ಬಿಲ್ಡಿಂಗ್ ಇದು."

ಮಸ್ಕಾ ಚಪ್ಪಲಿಗಳ ನಡುವೆ ಮುದುಡಿಕೊಂಡಿತ್ತು.

ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದ ಪುಟ್ಟಲಕ್ಷ್ಮಮ್ಮ ಬಾಯಿ ತೆರೆದರು. ಸೀರೆಗೆ ಕೂದಲು ಹತ್ತುತ್ತದೆಂದು ದಿನಾ ಮಸ್ಕಾನನ್ನು ಬಯ್ಯುವವರು ಅವರು. "ಅವನು ಬೆಳಿಗ್ಗೆಯಿಂದ ಹೇಳ್ತಾನೇ ಇದ್ದ. ನೀನೇ ಬಾಯಿ ಮುಚ್ಚಿಸ್ದೆ."

"ಏನಮ್ಮಾ ಹೇಳ್ದ?"

"ಬೇಡ ಅಂದ. ಮುಖ ಆ ಕಡೆ ತಿರುಗಿಸ್ದ. ತುಟಿ ನೆಕ್ಕೊಂಡ. ಆಕಳಿಸ್ದ, ನೀವು ನಿದ್ದೆ ಅಂದ್ಕೊಂಡ್ರಿ. ಕೊನೆಗೆ ಗುರ್ ಅಂದ, ಹೊಡ್ದೆ. ಇನ್ನೇನ್ ಉಳೀತು ಅವನಿಗೆ?"

"ಬಾಲ ಆಡಿಸ್ತಾನೇ ಇದ್ನಲ್ಲಮ್ಮ!"

"ನಾನೂ ಬಂದವರಿಗೆಲ್ಲ ನಗ್ತಾನೇ ಇದೀನಿ. ಸೊಂಟ ನೋಯ್ತಿದೆಯಾ ಅಂತ ಕೇಳಿದ್ಯಾ? ನನ್ನ ಮಂಚ ಬಾಲ್ಕನಿಗೆ ಹೋಯ್ತು, ಅವನ ತಾಟು ಬಕೆಟ್‌ಗೆ ಹೋಯ್ತು. ನನಗಾದ್ರೂ ಇದು ಹಬ್ಬ ಅಂತ ಗೊತ್ತು. ಅವನಿಗೇನು ಗೊತ್ತು?"

ವಿಕ್ರಂ ಮೂಲೆಯತ್ತ ನೋಡಿದ. "ಮಂಟಪ ಸ್ವಲ್ಪ ಸರಿಸ್ಲಾ?"

"ಅಯ್ಯೋ, ಪ್ರತಿಷ್ಠೆ ಆದ್ಮೇಲೆ ಅಲ್ಲಾಡಿಸ್ತಾರೇನೋ!"

ಅವರು ಸೊಂಟ ಹಿಡಿದುಕೊಂಡು ಎದ್ದು, ಹಗ್ಗದ ಮೇಲೆ ಅರೆ ಒಣಗಿದ್ದ ತಾಟನ್ನು ತಂದರು. ಜರಿಬಟ್ಟೆ ಎತ್ತಿ ಮೇಜಿನ ಕೆಳಗೆ ಹಾಸಿದರು.

"ಅತ್ತೆ, ದೇವರ ಕೆಳಗೆ ನಾಯೀನಾ? ಮಡಿ..."

"ಇಲೀನ ಜೊತೆಗಿಟ್ಕೊಂಡೋನು ನಾಯಿ ಬೇಡ ಅಂತಾನಾ? ನನ್ನ ಮಂಚದ ಜಾಗ ಇದು, ನಾನ್ ಹೇಳ್ತಿದೀನಿ."

ಮಸ್ಕಾನನ್ನು ಅವರು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಎದ್ದು ಬಂದು, ತಾಟು ಮೂಸಿ, ಒಳಗೆ ತೂರಿಕೊಂಡಿತು. ಬಟ್ಟೆಯ ಹಿಂದಿನಿಂದ ಉದ್ದನೆಯ ಉಸಿರು ಕೇಳಿತು. ವಿಕ್ರಂ ಪಕ್ಕದಲ್ಲೇ ಒಂದು ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಇಟ್ಟು, ಅಮ್ಮನನ್ನು ಕೂರಿಸಿದ.

ಸಂಜೆ ಪರೇಲ್ ಆಫೀಸಿನ ಗೆಳೆಯ ಹಿತೇಶ್ ಬಂದ. "ಎಲ್ಲಪ್ಪಾ ನಿಮ್ಮ ಹೀರೋ?" ಎನ್ನುತ್ತ, ಮೇಜಿನ ಕೆಳಗೆ ಬಾಲದ ತುದಿ ಕಂಡು ಬಗ್ಗಿ ಜರಿಬಟ್ಟೆ ಎತ್ತಿದ. ಒಳಗಿನಿಂದ ಗುರ್ ಎಂಬ ಸದ್ದು ಬಂತು. ವಿಕ್ರಂನ ಕೈ ರೂಢಿಯಂತೆ ಮೇಲೆದ್ದಿತು. ಆ ಕೈಯನ್ನು ಅವನು ಹಿತೇಶನ ಹೆಗಲ ಮೇಲಿಟ್ಟ.

"ಬಿಡೋ, ಬೇಡ ಅಂತಿದ್ದಾನೆ. ಬಾ, ಮೋದಕ ತಿನ್ನು."

ಹಿತೇಶ್ ಹಿಂದೆ ಸರಿದ. ಗುರುಗುಟ್ಟುವುದೂ ನಿಂತಿತು. ಮೋದಕದ ತಟ್ಟೆ ಹಿಡಿದ ಸಾಧನಾ ಅದನ್ನು ನೋಡುತ್ತ ನಿಂತಿದ್ದಳು.

ಮರುದಿನ ವಿಸರ್ಜನೆಗೆ ಹೊರಡುವಾಗ ರಂಜನಾ ಆರತಿಗೆ ಬಂದಳು. ಧಾತ್ರಿ ಅವಳ ಸೆರಗಿನ ಹಿಂದೆ ನಿಂತು ಮಸ್ಕಾನನ್ನೇ ನೋಡುತ್ತಿದ್ದಳು. "ಆಂಟಿ, ಮುಟ್ಟಬಹುದಾ?"

"ಅಮ್ಮನ ಹತ್ರಾನೇ ಇರು ಪುಟ್ಟಿ. ಬೇಕಾದ್ರೆ ಅವನೇ ಬರ್ತಾನೆ," ಎಂದಳು ಸಾಧನಾ.

ಮಸ್ಕಾ ಒಮ್ಮೆ ಧಾತ್ರಿಯತ್ತ ನೋಡಿ ಮುಖ ತಿರುಗಿಸಿತು.

"ಇವತ್ತು ಬೇಡವಂತೆ."

"ನಾಳೆ?"

"ನಾಳೆ ಕೇಳೋಣ."

ಗಣಪತಿಯನ್ನು ಹೊತ್ತು ಬಾಗಿಲಲ್ಲಿ ನಿಂತಿದ್ದ ವಿಕ್ರಂ ಹೆಂಡತಿಯ ಮುಖ ನೋಡಿದ.

"ಏನ್ ನೋಡ್ತೀರಿ? ಬೇಗ ಹೋಗಿ ಬನ್ನಿ," ಎಂದಳು ಸಾಧನಾ. "ಮಂಚ, ತಾಟು ಹಾಕಿ ಇವರಿಬ್ಬರನ್ನೂ ಮಲಗಿಸ್ಬೇಕು."