ಎಣ್ಣೆ ಕಾಣದ ಗಾಲಿ

ಕಿರ್ರ್... ಕಿರ್ರ್...

ಲಿಫ್ಟಿನಿಂದ ಹೊರಗೆ ಕಾಲಿಟ್ಟ ಸೂಪರ್‌ವೈಸರ್ ಅಲ್ಲೇ ನಿಂತಳು. ನಡುರಾತ್ರಿ ದಾಟಿತ್ತು. ಆಫೀಸಿನ ಉದ್ದ ಕಾರಿಡಾರಿನಲ್ಲಿ ಬಕೆಟ್ಟು, ಮಾಪು ಹೇರಿದ ಗಾಡಿ ತಳ್ಳುತ್ತ ಗಿಡ್ಡಕ್ಕ ಬರುತ್ತಿದ್ದಳು. ಆ ಸದ್ದು ಕೇಳಿ ಎಷ್ಟು ವರ್ಷಗಳಾಗಿದ್ದವು! ಫಿನಾಯಿಲಿನ ಘಾಟಿನ ನಡುವೆಯೂ ಚಿಕ್ಕಮ್ಮನ ತಲೆಗೂದಲಿನ ವಾಸನೆ ಬಂದಂತಾಯಿತು.

ಆಗ ತಾನೂ ನೆಲ ಒರೆಸುವವಳೇ. ಕೆಲಸಕ್ಕೆ ಕರೆತಂದವಳು ಚಿಕ್ಕಮ್ಮ. ಈ ಊರಿನಲ್ಲಿ ಒಂದು ಸಂಬಳ ಬಾಡಿಗೆಗೇ ಸರಿಹೋಗುತ್ತಿತ್ತು. ಹೊಟ್ಟೆಗೆ ಇನ್ನೊಂದು ಕೆಲಸ ಬೇಕು. ಹಗಲೂ ದುಡಿದು ಬಂದವರು ರಾತ್ರಿ ಸರದಿಯ ಮೇಲೆ ಸಾಮಾನು ಕೋಣೆಯಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದರು. ಮೇಲಿನವರು ಬಂದರೆ ಚಿಕ್ಕಮ್ಮ ಗಾಡಿ ತಳ್ಳುವಳು, ಮಲಗಿದವರು ಎದ್ದುಬಿಡುವರು. ಅದಕ್ಕೆಂದೇ ಆ ಗಾಲಿಗೆ ಯಾರೂ ಎಣ್ಣೆ ಬಿಡುತ್ತಿರಲಿಲ್ಲ.

"ನನ್ನ ಗಾಡಿ ನಿನ್ನ ಚಿಕ್ಕಪ್ಪನ ಹಾಗೆ ಕಣೇ, ಗೊಣಗ್ತಾ ಇದ್ರೇನೇ ಕ್ಷೇಮ. ಮಲಕ್ಕೋ," ಎಂದು ತನ್ನ ಶಾಲು ಹೊದಿಸುತ್ತಿದ್ದಳು.

ಈಗ ಮೇಲಿನವಳು ತಾನೇ. "ಮಲಗಿದ್ದವರ ಆ ರಾತ್ರಿಯ ಕೂಲಿ ಕಟ್ ಮಾಡಿ. ನಿಮ್ಮಿಂದ ಆಗದಿದ್ರೆ ಬೇರೆಯವರಿದ್ದಾರೆ," ಎಂದು ಮ್ಯಾನೇಜರ್ ಸಂಜೆಯಷ್ಟೇ ಹೇಳಿದ್ದ. ಗಾಡಿಗಳು ಕಿರುಗುಟ್ಟದಿರಲಿ ಎಂದು ಎಣ್ಣೆ ಡಬ್ಬಿಯನ್ನೂ ಕೈಗಿತ್ತಿದ್ದ.

"ಒರೆಸಿದ ಜಾಗದಲ್ಲೇ ಮತ್ತೆ ಗಾಡಿ ಓಡಿಸ್ತಿದೀರಲ್ಲ, ಗಿಡ್ಡಕ್ಕ?"

"ಎರಡು ಸಲ ಒರೆಸಿದ್ರೆ ಎರಡು ಸಂಬಳ ಕೊಡ್ತೀರೇನೋ ಅಂತ, ಮೇಡಂ."

ಮಾತು ತಮಾಷೆಯದಾದರೂ ಗಿಡ್ಡಕ್ಕನ ಕಣ್ಣು ಪಕ್ಕದ ಬಾಗಿಲ ಕಡೆಗೇ ಹೋಗುತ್ತಿತ್ತು. ಗಾಡಿಯನ್ನು ಅವಳು ಸಾಮಾನು ಕೋಣೆಯ ಬಾಗಿಲಿಗೆ ಅಡ್ಡ ನಿಲ್ಲಿಸಿದಳು. ಅರೆತೆರೆದ ಬಾಗಿಲಿನಾಚೆ, ಮಡಚಿದ ರಟ್ಟಿನ ಪೆಟ್ಟಿಗೆಯ ಮೇಲೆ ಎರಡು ಪಾದಗಳು ಕಾಣುತ್ತಿದ್ದವು. ಇಷ್ಟು ಸದ್ದಿಗೂ ಅವು ಅಲುಗಿರಲಿಲ್ಲ.

"ನನ್ನ ಸೊಸೆ ಕಣಮ್ಮ," ಗಿಡ್ಡಕ್ಕನ ದನಿ ಇಳಿಯಿತು. "ಹಗಲೆಲ್ಲ ಆಸ್ಪತ್ರೆ ನೆಲ ಒರೆಸಿ ಸೀದಾ ಇಲ್ಲಿಗೇ ಬಂದ್ಳು. ಅವಳ ಪಾಲಿನ ಕೆಲಸ ನಾನೇ ಮುಗಿಸ್ತಿದೀನಿ. ಕೂಲಿ ಮಾತ್ರ ಹಿಡೀಬೇಡಿ."

ಸೂಪರ್‌ವೈಸರ್ ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿದಳು.

"ಅಯ್ಯೋ, ಗಾಲಿಗೆ ಬೇಡಮ್ಮ!"

"ಗಾಲಿಗೆ ಯಾರು ಬಿಡ್ತಾರೆ?"

ಬಾಗಿಲಿನ ಕೀಲುಗಳಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟಳು. ಮೆಲ್ಲಗೆ ಎಳೆದು ಮುಚ್ಚಿದಳು, ಸದ್ದೇ ಆಗಲಿಲ್ಲ.

ಲಿಫ್ಟಿಗೆ ಕಾಯುವಾಗ ಬೆರಳಿಗಂಟಿದ ಎಣ್ಣೆಯನ್ನು ಅಂಗೈಗೆ ತಿಕ್ಕಿಕೊಂಡಳು. ಚಿಕ್ಕಮ್ಮನಿಗೆ ಹೇಳಿದರೆ ಎಷ್ಟು ನಕ್ಕಾಳು! ಆದರೆ ಅವಳ ಬಾಯಲ್ಲಿ ಮಾತು ನಿಂತರೆ ತಾನೇ. ಬೇಡ. ಮ್ಯಾನೇಜರಿಗೂ ಇಲ್ಲ, ಚಿಕ್ಕಮ್ಮನಿಗೂ ಇಲ್ಲ, ಯಾರಿಗೂ ಇಲ್ಲ.

ಹಿಂದೆ, ಒರೆಸಿದ ನೆಲದ ಮೇಲೆ, ಗಾಲಿ ಗೊಣಗುತ್ತ ಹೊರಟಿತು.