ಸೊನ್ನೆಯ ಸೀಸೆ ಕೆಂಪಾದದ್ದು

ಬೆಳಿಗ್ಗೆ ಕಪಾಟು ಒರೆಸುವಾಗ ನನ್ನ ಗಂಡ ಎಂಗ್ಕುಸ್ ಅವರ ದೊಡ್ಡ ಸೀಸೆ ಕೈಗೆ ಸಿಕ್ಕಿತು. ಒಳಗಿನ ರಸ ಹಾಲು ಹಾಕದ ಚಹಾದಷ್ಟು ಕೆಂಪಾಗಿತ್ತು. ಅದು ಕೆಂಪಾಗಕೂಡದು. ಅದಕ್ಕೆ ನಾನು ನಿಕೋಟಿನ್ನಿನ ಒಂದು ಹನಿಯನ್ನೂ ಹಾಕಿರಲಿಲ್ಲ.

ಚಿಬಿರು ಊರಿನ ನಮ್ಮ ಅಂಗಡಿಯಲ್ಲಿ ಇ-ಸಿಗರೇಟಿಗೆ, ಅಂದರೆ ವೇಪ್‌ಗೆ ತುಂಬುವ ರಸ ಬೆರೆಸುವವಳು ನಾನು, ಮಾರುವವರು ಅವರು. ಹನ್ನೊಂದು ವರ್ಷದಿಂದ ಇದೇ ಪಾಡು. ಬೆರೆಸಿದ್ದನ್ನು ಮೂರು ನಾಲ್ಕು ವಾರ ಮಾಗಲು ಬಿಡಬೇಕು. ಮಾಗಿತೋ ಇಲ್ಲವೋ ಎಂದು ಇಲ್ಲಿಯವರು ನೋಡುವುದು ಬಣ್ಣವನ್ನು. ಸೀಸೆಯನ್ನು ಕಿಟಕಿಗೆ ಹಿಡಿದು, ಕೆಂಪಾಗಿದ್ದರೆ ತಲೆಯಾಡಿಸಿ ದುಡ್ಡು ಕೊಡುತ್ತಾರೆ. ಅದು ಹೆಚ್ಚಾಗಿ ನಿಕೋಟಿನ್ನಿಗೆ ಗಾಳಿ ತಾಗಿ ಬರುವ ಬಣ್ಣ, ರುಚಿ ಕೂಡುವುದೇ ಬೇರೆ ಲೆಕ್ಕ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಈಗ ಹೇಳುವುದನ್ನೂ ಬಿಟ್ಟಿದ್ದೇನೆ.

ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ನಿಕೋಟಿನ್ ಯಾವ ರೂಪದಲ್ಲೂ ಬೇಡ ಎಂದರು ಡಾಕ್ಟರು. ಇವರು ಆಗಲಿ ಆಗಲಿ ಎಂದು, ಆಸ್ಪತ್ರೆಯ ಗೇಟು ದಾಟುತ್ತಲೇ ವೇಪ್‌ಗಾಗಿ ಜೇಬು ತಡಕಿದರು. ಜಗಳವಾಡಿ ಸಾಕಾಗಿ ನಾನು ಕಳ್ಳದಾರಿ ಹಿಡಿದೆ. ಅವರ ಸೀಸೆಯ ಮೇಲೆ ನಿಕೋಟಿನ್ ಹನ್ನೆರಡು ಮಿಲಿಗ್ರಾಂ ಎಂದೇ ಬರೆದು, ಒಳಗೆ ಒಂಬತ್ತು, ಆರು, ಮೂರು ಎಂದು ಇಳಿಸುತ್ತ ಬಂದೆ. ಬಣ್ಣ ಸಾಲದೆ ಅನುಮಾನ ಬಂದೀತೆಂದು ಮುಚ್ಚಳ ತೆಗೆದು ಬಿಸಿಲಿಗಿಟ್ಟು ಕೆಂಪಾಗಿಸಿದೆ. ಎರಡು ತಿಂಗಳಿಂದ ಸೊನ್ನೆ. ಸೊನ್ನೆಯ ಮುಂದೆ ಆ ಉಪಾಯ ನಡೆಯುವುದಿಲ್ಲ. ವೆನಿಲ್ಲಾ ಇದ್ದಿದ್ದರೆ ಅದಾದರೂ ಒಂದಿಷ್ಟು ಬಣ್ಣ ಕೊಡುತ್ತಿತ್ತು. ಅವರದು ಬಾಳೆಹಣ್ಣು, ತೆಂಗಿನಹಾಲಿನ ರುಚಿ. ಗಮನಿಸಲಾರರು ಬಿಡು ಎಂದುಕೊಂಡಿದ್ದೆ.

ಪ್ರತಿ ಸಲ ಬೆರೆಸಿದಾಗಲೂ ಒಂದು ಪುಟ್ಟ ಸೀಸೆಯನ್ನು ಮಾದರಿಗೆಂದು ಎತ್ತಿಡುತ್ತೇವೆ. ಅದನ್ನು ಹುಡುಕಿ ತೆಗೆದೆ. ಎಳನೀರಿನಂತೆ ತಿಳಿಯಾಗಿತ್ತು. ಎರಡನ್ನೂ ಸೇದಿ ನೋಡಿದೆ. ನನ್ನದರಲ್ಲಿ ಬಾಳೆಹಣ್ಣು ಬಾಯಿ ತುಂಬ ಬಂತು. ಅವರದರಲ್ಲಿ ನಿಕೋಟಿನ್ನಿನ ಮೆಣಸಿನಂಥ ಖಾರ ಗಂಟಲಿಗೆ ಹೊಡೆದು, ಹಣ್ಣು ಎಲ್ಲೋ ಅಡಿಗೆ ಮುಳುಗಿಹೋಗಿತ್ತು. ಹನ್ನೆರಡಕ್ಕೆ ಕಡಿಮೆಯಿಲ್ಲ. ಎರಡು ವರ್ಷದ ಕೆಲಸ ನೀರುಪಾಲಾಯಿತು ಎಂದು ಸ್ಟೂಲಿನ ಮೇಲೆ ಕುಸಿದೆ. ಅಳು ಕೂಡ ಬರಲಿಲ್ಲ, ಅಷ್ಟು ಸುಸ್ತಾಗಿತ್ತು.

ಮಧ್ಯಾಹ್ನ ಅವರು ಊಟಕ್ಕೆ ಕರಿದ ಮೀನಿನ ತಿಂಡಿ ಬಟಾಗೋರ್ ಕಟ್ಟಿಸಿಕೊಂಡು ಬಂದರು.

"ಕಾಂಗ್, ಇದಕ್ಕೆ ನಿಕೋಟಿನ್ ಹಾಕಿದ್ದು ಯಾರು?" ಎಂದೆ. ನನಗೆ ಅವರು ಕಾಂಗ್, ಅವರಿಗೆ ನಾನು ನೆಂಗ್; ನಮ್ಮಲ್ಲಿ ಗಂಡ ಹೆಂಡತಿ ಕರೆಯುವುದು ಹಾಗೆ.

ಪೊಟ್ಟಣ ಬಿಚ್ಚುತ್ತಿದ್ದ ಕೈ ನಿಂತಿತು. "ಹಾಕದೆ ಕೊಟ್ಟಿದ್ದು ಯಾರು?" ಎಂದರು.

"ಯಾವಾಗ ಗೊತ್ತಾಯ್ತು?"

"ಮೂರು ವಾರ ಆಯ್ತು. ಕಿಟಕಿಗೆ ಹಿಡಿದು ನೋಡ್ದೆ. ಎಲ್ರದ್ದೂ ಕೆಂಪಗಿದೆ, ನಂದೊಂದು ಬೆಳ್ಳಗಿದೆ. ಬಣ್ಣ ಎಲ್ಲಿಂದ ಬರತ್ತೆ ಅಂತ ಹನ್ನೊಂದು ವರ್ಷ ನನ್ ತಲೆ ತಿಂದಿದ್ದೀಯಲ್ಲ ನೆಂಗ್."

"ಊರಲ್ಲಿ ನನ್ ಮಾತು ಕೇಳಿಸ್ಕೊಂಡೋರು ನೀವೊಬ್ರೇ ನೋಡಿ."

ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

"ಅದಕ್ಕೂ ಮುಂಚೆ ಐದು ವಾರ ಏನೂ ಇಲ್ಲದ್ದನ್ನೇ ಸೇದಿದ್ದೀರಿ," ಎಂದೆ. "ಏನಾಯ್ತು ನಿಮ್ಗೆ?"

ಅವರು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಏನೂ ಆಗ್ಲಿಲ್ಲ. ಒಳ್ಳೆ ನಿದ್ದೆ ಬರ್ತಿತ್ತು. ಬಾಳೆಹಣ್ಣು ಅಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ, ನಿನ್ ಕೈ ಪಳಗಿದೆ ಅಂದ್ಕೊಂಡಿದ್ದೆ. ಗೊತ್ತಾಯ್ತು ನೋಡು, ಆಮೇಲೆ ಒಂದು ಗಂಟೆ ತಡೆಯಕ್ಕಾಗ್ಲಿಲ್ಲ. ಫ್ರಿಜ್ ತೆಗೆದು ನಿಕೋಟಿನ್ ಹಾಕ್ಕೊಂಡೆ."

"ನಂಗೊಂದು ಮಾತು ಹೇಳಬಹುದಿತ್ತು."

"ನೀನು ಹೇಳಿದ್ಯಾ?"

ನಾಚಿಕೆಯಾಯಿತು. ಕೋಪ ಬಂದಿದ್ದರೆ ಎಷ್ಟೋ ಸುಲಭವಿತ್ತು. ಅವರ ಜೀವಕ್ಕಾಗಿ ಅವರಿಗೇ ಸುಳ್ಳು ಹೇಳಿದೆ. ಆ ಸುಳ್ಳು ಅವರನ್ನು ಗುಣವೂ ಮಾಡಿತ್ತು. ಅದು ಹೊರಬಿದ್ದದ್ದೇ ಅವರು ಮತ್ತೆ ಅದೇ ಹಳ್ಳಕ್ಕೆ ಬಿದ್ದರು. ಇನ್ನೊಂದು ಸುಳ್ಳು ಹೊಸೆಯುವ ತ್ರಾಣ ನನಗಿರಲಿಲ್ಲ.

ಕೆಂಪು ರಸವನ್ನು ಚೆಲ್ಲಿದೆ. ಕೈಗವಸು ಹಾಕಿ ಫ್ರಿಜ್ಜಿನಿಂದ ನಿಕೋಟಿನ್ ತೆಗೆದೆ, ಸಿರಿಂಜು ತೆಗೆದೆ, ಹೊಸ ಸೀಸೆಯನ್ನು ಮೇಜಿನ ಮೇಲಿಟ್ಟೆ.

"ಎಷ್ಟು ಹಾಕ್ಲಿ? ನೀವೇ ಹೇಳಿ."

ಹನ್ನೆರಡು ಎನ್ನುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹಾಕಿಯೂ ಬಿಡುತ್ತಿದ್ದೆ.

"ಒಂದು," ಎಂದರು. "ಸೊನ್ನೆ ಅಂತ ಗೊತ್ತಿದ್ರೆ ನನ್ ಕೈಲಾಗಲ್ಲ ನೆಂಗ್. ಒಂದಾದ್ರೂ ಇರ್ಲಿ."

"ಮುಂದಿನ ತಿಂಗಳು?"

"ಮುಂದಿನ ತಿಂಗಳೂ ಕೇಳು."

ಸಿರಿಂಜಿನ ಗೆರೆ ನೋಡಲು ಅವರು ನನ್ನ ಹತ್ತಿರ ಬಂದು ನಿಂತರು. ಎರಡು ವರ್ಷದಲ್ಲಿ ಮೊದಲ ಸಲ, ಅವರಿಗೆ ಬೆನ್ನು ಹಾಕದೆ ಬೆರೆಸಿದೆ.