ಬೊಗಸೆಯ ಮಜ್ಜಿಗೆ

"ಏ ಹೊನ್ನಿ, ಕೈ ಒಡ್ಡ. ನಮ್ಮ ಮನಿ ಮಜ್ಜಗಿ ಹೊಲಸ ಆತೇನ ನಿನಗ?"

ಸಾವಕಾರ ಗುರಪ್ಪ ತಂಬಿಗೆ ಎತ್ತಿ ಹಿಡಿದು ನಿಂತಿದ್ದ. ತಾಂಬಾ ಊರಿನ ಅವನ ಲಿಂಬಿ ತೋಟದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಆಳುಗಳಿಗೆ ಮಜ್ಜಿಗೆ ಹಾಕುವುದು ಅವರಪ್ಪನ ಕಾಲದ ಪದ್ಧತಿ. ಧರ್ಮ ಅಂತ ಊರ ತುಂಬ ಹೇಳಿಕೊಳ್ಳುತ್ತಾನೆ. ಮುಸಲ್ಮಾನಳಾದ ನನಗೆ ದನದ ಕೊಟ್ಟಿಗೆಯಲ್ಲಿಟ್ಟ ಬೇರೆ ಲೋಟ, ಹೊಲಗೇರಿಯ ಹೊನ್ನವ್ವನಿಗೆ ಬೊಗಸೆ. ಅವನು ಮೇಲಿನಿಂದ ಸುರಿಯುತ್ತಾನೆ, ಇವಳು ಬಗ್ಗಿ ಕುಡಿಯಬೇಕು. ಸುಡಲಿ ಅವನ ಧರ್ಮ.

ಹೋದ ವರ್ಷ ಹೊನ್ನವ್ವನ ಕಣ್ಣು ಹಳದಿಯಾದಾಗ ಎಲ್ಲರೂ ಕಾಮಣಿ ಅಂದರು. ಮುಂಗೈಗೆ ಬರೆ ಹಾಕಿಸಿಕೊಂಡಳು. ಬರೆ ಮಾಗಿತು, ಹಳದಿ ಇಳಿಯಲಿಲ್ಲ. ಕೊನೆಗೆ ದೊಡ್ಡ ದವಾಖಾನೆಯವರು ಲಿವರಿನೊಳಗಿನ ಪಿತ್ತನಾಳದಲ್ಲಿ ಕ್ಯಾನ್ಸರ್ ಎಂದರು. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿರುವ ಒಂದು ದೋಷಕ್ಕೇ ಗುರಿಯಿಟ್ಟು ಹೊಡೆಯುವ ಗುಳಿಗೆ ಇದೆಯಂತೆ. ಎಲ್ಲರಿಗೂ ನಾಟುವುದಿಲ್ಲ, ಇವಳಿಗೆ ನಾಟಿತು. ಉಗುರು ಸಡಿಲಾದವು, ಬಾಯಿ ಹುಣ್ಣಾಯಿತು, ಆದರೆ ಗಂಟು ಕರಗುತ್ತ ಬಂತು.

ಆ ಗುಳಿಗೆ ನುಂಗಿದರೆ ರಕ್ತದಲ್ಲಿ ಫಾಸ್ಫರಸ್ ಎಂಬುದೇನೋ ಏರುತ್ತದೆ. ಹಾಲು, ಮೊಸರು, ಶೇಂಗಾ ಬೇಡವೆಂದರು ಡಾಕ್ಟರು.

"ಹಾಲ ಕಂಡಾವ್ರ ಯಾರ್ರಿ ನಮ್ಮ ಮನ್ಯಾಗ?" ಎಂದು ಹೊನ್ನವ್ವ ನಕ್ಕಿದ್ದಳು. ಶೇಂಗಾ ಚಟ್ನಿ ಬಿಟ್ಟು ಒಣರೊಟ್ಟಿ ತಿಂದಳು. ಆದರೂ ಫಾಸ್ಫರಸ್ ಏರಿತು. ಗುಳಿಗೆ ನಿಲ್ಲಿಸಿದರು. ಮತ್ತೆ ಶುರು ಮಾಡುವಾಗ, ಇನ್ನೊಮ್ಮೆ ಹೀಗಾದರೆ ಕೊಡುವುದು ಕಷ್ಟ ಎಂದರು. ಸಾವಕಾರನ ಮಜ್ಜಿಗೆ ಅವಳಿಗೆ ನೆನಪಾಗಿದ್ದು ಆಗ. ಅದನ್ನು ಯಾರು ಹಾಲಿನ ಲೆಕ್ಕಕ್ಕೆ ಹಿಡಿಯುತ್ತಾರೆ? ನಮಗದು ಕೂಲಿಯ ಜೊತೆ ಬರುವ ಕರ್ಮ.

"ಡಾಕ್ಟರ್ ಬ್ಯಾಡ ಅಂದಾರ್ರಿ ಸಾವ್ಕಾರ್ರ," ಎಂದಳು ಈಗ, ಕೈ ಒಡ್ಡದೆ. "ಕುಡದ್ರ ಗುಳಿಗಿ ನಿಲ್ಲಸ್ತಾರ. ಗುಳಿಗಿ ನಿಂತ್ರ ನಾ ಸಾಯ್ತೇನ್ರಿ."

"ಮಜ್ಜಗಿ ಕುಡದು ಯಾವ ಸೂಳಿಮಗ ಸತ್ತಾನ ತೋರಸ! ನಾಕ ಗುಳಿಗಿ ನುಂಗಿದ ಕೂಡ್ಲೆ ಸೊಕ್ಕ ಬಂತ? ನಿಮ್ಮವ್ವ ಇದನ್ನ ಕುಡದ ನಿನ್ನ ಹಡದಾಳ. ಕುಡಿ, ಇಲ್ಲಾಂದ್ರ ನಾಳಿಂದ ತ್ವಾಟಕ್ಕ ಬರಬ್ಯಾಡ."

"ನನಗ ಹಾಕ್ರಿ, ನಾ ಕುಡೀತೇನಿ," ಎಂದೆ ನಾನು.

"ನಿನ್ನ ಯಾರ ಕೇಳ್ಯಾರ? ಬಾಯಿ ಮುಚ್ಚ."

ಹೊನ್ನವ್ವ ಬೊಗಸೆ ಒಡ್ಡಿದಳು. ಜಗಳವಾಡುವ ತ್ರಾಣ ಅವಳಲ್ಲಿರಲಿಲ್ಲ, ಕೂಲಿ ಬಿಡುವ ಹಾಗೂ ಇರಲಿಲ್ಲ. ಅವನು ಸುರಿದ. ಲಿಂಬಿ ಮುಳ್ಳು ಗೀರಿದ ಕೈಗೆ, ಸಡಿಲ ಉಗುರಿನ ಬುಡಕ್ಕೆ ಮಜ್ಜಿಗೆಯ ಉಪ್ಪು ಹತ್ತಿ ಉರಿದಿರಬೇಕು, ಮುಖ ಹಿಂಡಿದಳು. ಗುರಪ್ಪ ಅವಳು ಬಗ್ಗುವುದನ್ನೇ ಕಾಯುತ್ತ ನಿಂತ.

ಅವಳು ಬಗ್ಗಲಿಲ್ಲ. ಕೈ ಬಿಚ್ಚಿದಳು. ಮಜ್ಜಿಗೆಯೆಲ್ಲ ಅವನ ಚಪ್ಪಲಿ ಮೇಲೆ, ಬಿಳಿ ಧೋತರದ ಅಂಚಿನ ಮೇಲೆ ಬಿತ್ತು.

"ಎಲೇ ರಂಡೆ!" ಹೊಡೆಯಲು ತಂಬಿಗೆ ಎತ್ತಿದ. ನಾನು ನಡುವೆ ಹೋಗಿ ನಿಂತೆ. ಉಳಿದ ಹೆಣ್ಣಾಳುಗಳೂ ಬುತ್ತಿ ಬಿಟ್ಟು ಎದ್ದರು. ಎತ್ತಿದ ಕೈ ಹಾಗೇ ಇಳಿಯಿತು.

ಹೊನ್ನವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಂಟದ ಸಂಚಿಯಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿ ನೀರು ಕುಡಿದಳು. ಹುಣ್ಣಾದ ಬಾಯಿ, ಬೇಗ ಇಳಿಯಲಿಲ್ಲ. ಇಳಿಯುವ ತನಕ ಅವನ ಮುಖವನ್ನೇ ನೋಡಿದಳು.

"ನಾ ಇನ್ನಷ್ಟ ಬದಕಬೇಕಾಗೇತ್ರಿ," ಎಂದಳು.

ಬುಟ್ಟಿ ಅಲ್ಲೇ ಬಿಟ್ಟು ಬದುವಿನ ಗುಂಟ ನಡೆದಳು. ನಾನೂ ಹಿಂದೆ ಹೋದೆ. ಸ್ವಲ್ಪ ದೂರ ಹೋಗಿ ಏದುಸಿರು ಬಿಡುತ್ತ ಕುಕ್ಕರಿಸಿದಳು.

"ನಾಳಿ ಯಾರ ತ್ವಾಟಕ್ಕ ಹೋಗೂಣು ಬೇ, ಸುಲ್ತಾನಬಿ?"